ವ್ಯಾಪಾರ ಮೇಳದಲ್ಲಿ ಸಂಘದ ಮಳಿಗೆ: ಹಾಕಬೇಕೆ, ಬೇಡವೆ?

ನಮ್ಮ ಸಂಘವೂ ಒಂದು ದೊಡ್ಡ ವ್ಯಾಪಾರ ಮೇಳದಲ್ಲಿ ಮಳಿಗೆ ಹಾಕಬೇಕು ಎಂಬ ಸೂಚನೆ ಸದಸ್ಯ ಬಾಂಧವರಿಂದ ಮತ್ತೆ ಮತ್ತೆ ಬರುತ್ತಿದೆ. 2023ರ ಸೆಪ್ಟೆಂಬರ್ 25ರಿಂದ 28ರವರೆಗೆ ಬೆಂಗಳೂರು ಅರಮನೆಯ ಆವರಣದಲ್ಲಿ ಐದನೆಯ ವಿಶ್ವ ಕಾಫಿ ಸಮ್ಮೇಳನ ನಡೆಯಿತಷ್ಟೆ. ಏಷ್ಯಾ ಖಂಡದಲ್ಲಿ ಈ ಸಮ್ಮೇಳನ ಸೇರಿದ್ದು ಅದೇ ಮೊದಲು. ಅಲ್ಲಿಯ ಪ್ರದರ್ಶನವನ್ನು ನೋಡಿಬಂದವರು, ‘ಅಷ್ಟು ಮಳಿಗೆಗಳ ನಡುವೆ ನಮ್ಮದೂ ಒಂದು ಬೋರ್ಡು ಯಾಕಿರಬಾರದು?’ ಎಂದು ಕೇಳಿದರು. ಈ ಪ್ರಶ್ನೆ ಸಹಜವಾದದ್ದೇ. 1990ರ ದಶಕದಲ್ಲಿ ಪೂಲ್ ಪದ್ಧತಿ ಮುಗಿಯುವವರೆಗೆ ನಾವು ಕಾಫಿಯನ್ನು ಮಂಡಳಿಗೆ ಒಪ್ಪಿಸಿ, ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಪಡೆದವರು. ನಮ್ಮ ಕಾಫಿ ಕುಡಿಯುವವನ ಮುಖವನ್ನು ಕಂಡವರಲ್ಲ. ಈಗಲಾದರೂ ಕಾಣೋಣ ಎಂಬ ಆಸೆಯಲ್ಲಿ ತಪ್ಪೇನೂ ಇಲ್ಲ.

ಇನ್ನು ಕೆಲವು ಸದಸ್ಯರ ಮಾತು ಇದಕ್ಕೆ ತದ್ವಿರುದ್ಧ. ಮೂರು ನಾಲ್ಕು ದಿನದ ಜಾತ್ರೆಗೆ ಲಕ್ಷಗಟ್ಟಲೆ ಸುರಿಯುವುದು ದುಂದು, ಆ ಹಣದಲ್ಲಿ ಟಾರ್ಪಾಲು ತಂದು ಹಂಚಿದರೆ ನಾಲ್ಕು ಜನರ ಕಣಕ್ಕಾದರೂ ಆದೀತು ಎನ್ನುತ್ತಾರೆ. ಇದರಲ್ಲೂ ಹುರುಳಿದೆ.

ಈ ಪ್ರಶ್ನೆಯನ್ನು ಪ್ರತಿಷ್ಠೆಯ ಲೆಕ್ಕದಲ್ಲಿ ತೀರ್ಮಾನಿಸಬಾರದು, ಹಾಗೆಯೇ ಬರೀ ಜಿಪುಣತನದ ಲೆಕ್ಕದಲ್ಲೂ ತೀರ್ಮಾನಿಸಬಾರದು. ಖಾಸಗಿ ಕಂಪನಿಗೆ ಜಾಹೀರಾತಿಗೆಂದೇ ಒಂದು ಬಾಬು ಇರುತ್ತದೆ. ಮಳಿಗೆಯಿಂದ ಏನೂ ಬರದಿದ್ದರೆ ಆ ಬಾಬಿನಲ್ಲಿ ಬರೆದು ಮುಗಿಸುತ್ತಾರೆ. ನಮ್ಮದು ಹಾಗಲ್ಲ. ಲಾಭಕ್ಕಾಗಿ ಹುಟ್ಟಿದ ಸಂಸ್ಥೆ ಇದಲ್ಲ. ವರ್ಷದ ನಿವ್ವಳ ಉಳಿಕೆಯಲ್ಲಿ ಕಾಲು ಭಾಗಕ್ಕೆ ಕಡಿಮೆಯಿಲ್ಲದಷ್ಟು ಕಾನೂನಿನ ಪ್ರಕಾರ ಮೀಸಲು ನಿಧಿಗೆ ಹೋಗಬೇಕು. ಉಳಿದದ್ದರಲ್ಲಿ ಮಾಡುವ ಪ್ರತಿಯೊಂದು ಖರ್ಚೂ ಎರಡೆಕರೆ, ಮೂರೆಕರೆ ತೋಟದ ಸದಸ್ಯನಿಗೆ ಸಿಗಬೇಕಾದ ಯಾವುದೋ ಒಂದು ಸವಲತ್ತನ್ನು ಬದಿಗಿಟ್ಟೇ ಆಗುವಂಥದು. ಆದ್ದರಿಂದ ಮಳಿಗೆಯ ಬಗ್ಗೆ ಠರಾವು ಮಾಡುವ ಮುನ್ನ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಯಾವ ಮೇಳ?

ಮೇಳ ಎಂಬ ಒಂದೇ ಹೆಸರಿನಲ್ಲಿ ನಾವು ಬೇರೆ ಬೇರೆ ಜಾತಿಯ ಕಾರ್ಯಕ್ರಮಗಳನ್ನು ಕರೆಯುತ್ತೇವೆ. ಬೆಂಗಳೂರಿನ ಜಿ.ಕೆ.ವಿ.ಕೆ.ಯ ಕೃಷಿಮೇಳಕ್ಕೆ ಬರುವವರು ರೈತರು, ವಿದ್ಯಾರ್ಥಿಗಳು ಮತ್ತು ಸಂಸಾರ ಸಮೇತ ಬರುವ ಪೇಟೆಯ ಜನ. ಅಲ್ಲಿ ಅರ್ಧ ಕಿಲೋ ಪುಡಿಯ ಪೊಟ್ಟಣ, ಕರಿಮೆಣಸು, ಜೇನು ಮಾರಾಟವಾಗುತ್ತದೆ. ಕಂಟೇನರ್ ಕಾಫಿ ಕೊಳ್ಳುವವನು ಅಲ್ಲಿಗೆ ಬರುವುದಿಲ್ಲ. ದೆಹಲಿಯ ‘ಆಹಾರ್’ ಮೇಳ ಹೋಟೆಲಿನವರು, ಅಡಿಗೆಮನೆ ಯಂತ್ರದವರು, ಆಹಾರ ತಯಾರಕರು ಸೇರುವ ಸ್ಥಳ. ದುಬೈಯ ‘ಗಲ್ಫುಡ್’ ಅದೇ ಬಗೆಯದಾದರೂ ಗಾತ್ರ ಹಲವು ಪಾಲು ದೊಡ್ಡದು. ಅಲ್ಲಿ ಅಕ್ಕಿ, ಮಾಂಸ, ಖರ್ಜೂರ, ಹಾಲಿನಪುಡಿಗಳ ನಡುವೆ ಕಾಫಿಯದು ಒಂದು ಮೂಲೆ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ನಡೆಯುವ ‘ಬಯೋಫಾಕ್’ ಸಾವಯವ ಪದಾರ್ಥಗಳದು. ಸಾವಯವ ಪ್ರಮಾಣಪತ್ರವಿಲ್ಲದ ಸರಕನ್ನು ಅಲ್ಲಿ ಇಡಲು ಅವಕಾಶವೇ ಇಲ್ಲ. ಬರೀ ಕಾಫಿಗೇ ಮೀಸಲಾದದ್ದು ‘ವರ್ಲ್ಡ್ ಆಫ್ ಕಾಫಿ’. ಯುರೋಪಿನಲ್ಲಿ ಅದು ವರ್ಷಕ್ಕೊಂದು ಊರಿಗೆ ಹೋಗುತ್ತದೆ. 2024ರಲ್ಲಿ ಕೋಪನ್‌ಹೇಗನ್, 2025ರಲ್ಲಿ ಜಿನೀವಾ. ಕಾಫಿ ಹುರಿಯುವವರು, ಆಮದುದಾರರು, ಯಂತ್ರದವರು ಅಲ್ಲಿ ಸಿಗುತ್ತಾರೆ.

ಹೀಗಿರುವುದರಿಂದ ಕೇಳಬೇಕಾದ ಮೊದಲ ಪ್ರಶ್ನೆ, ‘ನಮ್ಮ ಸರಕನ್ನು ಕೊಳ್ಳುವವನು ಯಾರು, ಅವನು ಯಾವ ಮೇಳಕ್ಕೆ ಬರುತ್ತಾನೆ?’ ಎಂಬುದು. ಮೇಳದವರು ಕಳಿಸುವ ಬಣ್ಣದ ಪುಸ್ತಕದಲ್ಲಿ ಇಷ್ಟು ಸಾವಿರ ಜನ ಬಂದಿದ್ದರು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಆ ಸಾವಿರಗಳಲ್ಲಿ ಹಸಿರು ಕಾಫಿ ಕೊಳ್ಳುವವರೆಷ್ಟು, ಅವರಲ್ಲಿ ಭಾರತದ ಕಾಫಿ ಬೇಕೆನ್ನುವವರೆಷ್ಟು ಎಂದು ಕೇಳಿ ಬರೆದರೆ ಬರುವ ಉತ್ತರ ಸಾಮಾನ್ಯವಾಗಿ ಅಷ್ಟು ದಪ್ಪಕ್ಷರದಲ್ಲಿ ಇರುವುದಿಲ್ಲ. ಹಿಂದಿನ ವರ್ಷದ ಮಳಿಗೆದಾರರ ಪಟ್ಟಿಯನ್ನು ತರಿಸಿ, ನಮ್ಮಂಥ ಸಹಕಾರ ಸಂಘಗಳು ಎಷ್ಟಿದ್ದವು, ಅವುಗಳಲ್ಲಿ ಎಷ್ಟು ಮರುವರ್ಷವೂ ಹೋದವು ಎಂದು ನೋಡುವುದು ಇದಕ್ಕಿಂತ ಉಪಯುಕ್ತ. ಒಮ್ಮೆ ಹೋದವರು ಮತ್ತೆ ಹೋಗದಿದ್ದರೆ ಕಾರಣವನ್ನು ಅವರನ್ನೇ ಕೇಳಬಹುದು. ಸಹಕಾರಿಗಳು ಸಹಕಾರಿಗಳಿಗೆ ನಿಜ ಹೇಳುತ್ತಾರೆ.

ಖರ್ಚಿನ ಲೆಕ್ಕ

ಮಳಿಗೆಯ ಬಾಡಿಗೆಯೇ ಖರ್ಚು ಎಂದುಕೊಂಡು ಸಭೆಗೆ ಬರುವವರು ಹಲವರು. ಬಾಡಿಗೆ ಚದರ ಮೀಟರಿನ ಲೆಕ್ಕದಲ್ಲಿರುತ್ತದೆ. ಸಾಮಾನ್ಯವಾಗಿ ಕೊಡುವ ಅತಿ ಸಣ್ಣ ಮಳಿಗೆ 9 ಚದರ ಮೀಟರಿನದು. ಎಂದರೆ ಹೆಚ್ಚು ಕಡಿಮೆ ಹತ್ತಡಿಗೆ ಹತ್ತಡಿ, ನಮ್ಮ ಮನೆಗಳ ಉಗ್ರಾಣದಷ್ಟು. ಇದರಲ್ಲಿ ಎರಡು ವಿಧ. ಬರೀ ನೆಲ ಕೊಟ್ಟು ಗೋಡೆ, ದೀಪ, ಮೇಜು ಎಲ್ಲವನ್ನೂ ನಾವೇ ಮಾಡಿಸಿಕೊಳ್ಳುವುದು ಒಂದು. ಮೂರು ಕಡೆ ತಟ್ಟಿಗೋಡೆ, ಒಂದು ಮೇಜು, ಎರಡು ಕುರ್ಚಿ, ಹೆಸರಿನ ಪಟ್ಟಿ ಸಹಿತ ಕಟ್ಟಿಕೊಡುವುದು ಇನ್ನೊಂದು. ಎರಡು ಕಡೆ ತೆರೆದಿರುವ ಮೂಲೆಯ ಮಳಿಗೆಗೆ ಹೆಚ್ಚುವರಿ ದರವಿರುತ್ತದೆ. ನಮ್ಮ ದೇಶದಲ್ಲಾದರೆ ಬಾಡಿಗೆಯ ಮೇಲೆ ಶೇಕಡಾ 18 ಜಿ.ಎಸ್.ಟಿ. ಸೇರುತ್ತದೆ, ಹೊರದೇಶದಲ್ಲಾದರೆ ಯೂರೋ, ಡಾಲರುಗಳ ಏರಿಳಿತ.

ಕಾಫಿಯವರಿಗೆ ಇನ್ನೊಂದು ತೊಡಕಿದೆ. ಬಟ್ಟೆಯನ್ನೋ ಪುಸ್ತಕವನ್ನೋ ಹರವಿಟ್ಟರೆ ಆಯಿತು. ಕಾಫಿಯನ್ನು ಕುಡಿಸಿಯೇ ತೋರಿಸಬೇಕು. ಅದಕ್ಕೆ ಯಂತ್ರ, ಬೀಸುವ ಗ್ರೈಂಡರು, ಒಳ್ಳೆಯ ನೀರು, ಬಳಸಿದ ನೀರು ಹೋಗುವ ದಾರಿ ಬೇಕು. ವಿದ್ಯುತ್ತಿಗೆ ಕಿಲೋವಾಟಿನ ಮೇಲೆ ಬೇರೆ ಶುಲ್ಕ, ನೀರಿನ ಸಂಪರ್ಕಕ್ಕೆ ಬೇರೆ ಶುಲ್ಕ. ಎಸ್ಪ್ರೆಸೊ ಯಂತ್ರವೊಂದೇ ಮೂರು ನಾಲ್ಕು ಕಿಲೋವಾಟ್ ಎಳೆಯುತ್ತದೆ. ಇಷ್ಟಾದ ಮೇಲೆ ಇಬ್ಬರು ಮೂವರ ಪ್ರಯಾಣ, ವಸತಿ, ಊಟ, ವೀಸಾ. ಕಾಫಿ ಹುರಿಸುವುದು, ಪೊಟ್ಟಣ, ಮುದ್ರಿತ ಪತ್ರಿಕೆ, ಮಾದರಿಗಳ ಸಾಗಣೆ. ಈ ವ್ಯವಹಾರದಲ್ಲಿ ಪಳಗಿದವರು ಹೇಳುವ ಒಂದು ಸ್ಥೂಲ ಅಂದಾಜಿದೆ: ನೆಲದ ಬಾಡಿಗೆ ಎಷ್ಟೋ ಅದರ ಮೂರು ಪಟ್ಟು ಒಟ್ಟು ಖರ್ಚು. ಒಂದು ಲಕ್ಷದ ಮಳಿಗೆ ಎಂದು ಹೇಳಿದರೆ ಮೂರು ಲಕ್ಷಕ್ಕೆ ಮಂಜೂರಾತಿ ಕೇಳುತ್ತಿದ್ದಾರೆ ಎಂದೇ ಆಡಳಿತ ಮಂಡಳಿ ತಿಳಿಯತಕ್ಕದ್ದು.

ಸಹಾಯಧನದ ಮಾತೂ ಬರುತ್ತದೆ. ಕಾಫಿ ಮಂಡಳಿ, ವಾಣಿಜ್ಯ ಸಚಿವಾಲಯ, ನಬಾರ್ಡ್ ಮೊದಲಾದವು ಮೇಳಗಳಲ್ಲಿ ಭಾಗವಹಿಸಲು ಬೇರೆ ಬೇರೆ ರೀತಿಯಲ್ಲಿ ನೆರವು ಕೊಡುವುದುಂಟು, ನಿಯಮಗಳು ಕಾಲಕಾಲಕ್ಕೆ ಬದಲಾಗುವುದೂ ಉಂಟು. ಆದರೆ ಇಂಥ ನೆರವು ಬಹುಮಟ್ಟಿಗೆ ನಾವು ಖರ್ಚು ಮಾಡಿ ರಸೀದಿ ಒಪ್ಪಿಸಿದ ಮೇಲೆ ಬರುವಂಥದು. ಅಲ್ಲಿಯವರೆಗೆ ಹಣ ಸಂಘದ ಕೈಯಿಂದಲೇ ಹೊರಬಿದ್ದಿರುತ್ತದೆ. ಅರ್ಧ ಖರ್ಚು ಸರ್ಕಾರ ಕೊಡುತ್ತದೆ ಎಂಬ ಕಾರಣಕ್ಕೆ ಬೇಡದ ಮೇಳಕ್ಕೆ ಹೋದರೆ ಉಳಿದರ್ಧ ದಂಡವೇ.

ಈಗ ಒಂದು ಉದಾಹರಣೆ. ಎಲ್ಲ ಸೇರಿ 4 ಲಕ್ಷ ರೂಪಾಯಿ ಖರ್ಚಾಯಿತೆಂದು ಲೆಕ್ಕಕ್ಕಾಗಿ ಹಿಡಿಯೋಣ. ಮೇಳದಲ್ಲಿ ಸಿಕ್ಕ ಗಿರಾಕಿ ನಮ್ಮ ಹಸಿರು ಕಾಫಿಗೆ ಸ್ಥಳೀಯ ಪೇಟೆಗಿಂತ ಕಿಲೋಗೆ 20 ರೂ. ಹೆಚ್ಚು ಕೊಟ್ಟನೆನ್ನೋಣ. ಆಗ ಖರ್ಚು ಹುಟ್ಟಲು 20,000 ಕಿಲೋ ಮಾರಬೇಕು. ಎಂದರೆ ಸರಿಸುಮಾರು ಒಂದು ಪೂರ್ತಿ ಕಂಟೇನರ್. ಅಷ್ಟು ಮಾರಿದರೂ ಬೆಳೆಗಾರನ ಕೈಗೆ ಹೆಚ್ಚುವರಿ ಬಂದದ್ದು ಸೊನ್ನೆ. ಎರಡನೆಯ ಕಂಟೇನರಿನಿಂದ ಲಾಭ ಶುರು. ಹಸಿರು ಕಾಫಿ ಬೇಡ, ಪುಡಿಯನ್ನೇ ಮಾರೋಣ ಎಂದರೆ, ಪೊಟ್ಟಣಕ್ಕೆ 100 ರೂ. ಉಳಿಯುತ್ತದೆಂದು ಹಿಡಿದರೂ 4,000 ಪೊಟ್ಟಣ ಹೋಗಬೇಕು. ನಾಲ್ಕು ದಿನದ ಮೇಳದಲ್ಲಿ ದಿನಕ್ಕೆ ಸಾವಿರ, ದಿನಕ್ಕೆ ಎಂಟು ಗಂಟೆಯಂತೆ ಗಂಟೆಗೆ 125, ನಿಮಿಷಕ್ಕೆ ಎರಡು. ಉಗ್ರಾಣದಷ್ಟಗಲದ ಜಾಗದಲ್ಲಿ ಚಿಲ್ಲರೆ ಎಣಿಸಿ ಕೊಡುವುದಕ್ಕೇ ಅಷ್ಟು ಹೊತ್ತು ಸಾಲದು. ಇದನ್ನು ಹೇಳುವುದು ಯಾರನ್ನೂ ನಿರುತ್ಸಾಹಗೊಳಿಸಲು ಅಲ್ಲ. ಮೇಳದ ದಿನಗಳ ಮಾರಾಟದಿಂದ ಮೇಳದ ಖರ್ಚು ಹುಟ್ಟುವುದಿಲ್ಲ, ಅದು ಮುಂದಿನ ವರ್ಷಗಳ ವ್ಯಾಪಾರದಿಂದ ಹುಟ್ಟಬೇಕು ಎಂಬುದು ಸ್ಪಷ್ಟವಾಗಲಿ ಎಂದು.

ಕೊಡಲು ಕಾಫಿ ಎಲ್ಲಿದೆ?

ನಮ್ಮ ಅಭಿಪ್ರಾಯದಲ್ಲಿ ಇಡೀ ವಿಷಯದ ಗಂಟು ಇರುವುದು ಇಲ್ಲಿ. 20 ಅಡಿಯ ಕಂಟೇನರಿಗೆ 60 ಕಿಲೋದ 320 ಚೀಲ ಹಿಡಿಯುತ್ತದೆ, ಎಂದರೆ 19.2 ಟನ್ ಹಸಿರು ಕಾಫಿ. 50 ಕಿಲೋದ ಒಂದು ಮೂಟೆ ಅರೇಬಿಕಾ ಪಾರ್ಚ್‌ಮೆಂಟಿನಿಂದ ಸುಮಾರು 40 ಕಿಲೋ ಹಸಿರು ಕಾಫಿ ಎಂದು ಹಿಡಿದರೆ, ಒಂದು ಕಂಟೇನರಿಗೆ 480 ಮೂಟೆ ಪಾರ್ಚ್‌ಮೆಂಟ್ ಬೇಕು. ತಲೆಗೆ 20 ಮೂಟೆಯಂತೆ 24 ಸದಸ್ಯರು ಕೊಡಬೇಕು. ಗಿರಾಕಿ ಎ ದರ್ಜೆಯೊಂದನ್ನೇ ಕೇಳಿದರೆ ಮೂಟೆಯ ಲೆಕ್ಕ ಇನ್ನೂ ಏರುತ್ತದೆ. ಬಿ, ಸಿ, ಪೀಬೆರಿ, ಬಿಟ್ಸ್‌ಗಳಿಗೆ ಬೇರೆ ದಾರಿ ಹುಡುಕಬೇಕು.

24 ಜನ ಸಿಗುವುದು ಕಷ್ಟವಲ್ಲ. ಆ 24 ಜನರ ಕಾಫಿ ಒಂದೇ ತೆರನಾಗಿರುವುದು ಕಷ್ಟ. ಒಬ್ಬರು ಹಣ್ಣನ್ನು ಅಂದೇ ಪಲ್ಪ್ ಮಾಡುತ್ತಾರೆ, ಇನ್ನೊಬ್ಬರಿಗೆ ಆಳು ಸಿಗದೆ ಮರುದಿನವಾಗುತ್ತದೆ. ಒಬ್ಬರ ಕಣ ಸಿಮೆಂಟಿನದು, ಇನ್ನೊಬ್ಬರದು ನೆಲ. ಒಬ್ಬರು ತೇವಾಂಶ ಅಳೆದು ಚೀಲ ಕಟ್ಟುತ್ತಾರೆ, ಇನ್ನೊಬ್ಬರು ಹಲ್ಲಲ್ಲಿ ಕಚ್ಚಿ ನೋಡಿ. ಮೇಳದಲ್ಲಿ ಕುಡಿಸುವ ಕಾಫಿ ಸಹಜವಾಗಿಯೇ ನಮ್ಮಲ್ಲಿನ ಅತ್ಯುತ್ತಮ ತೋಟದ್ದಾಗಿರುತ್ತದೆ. ಅದನ್ನು ಕುಡಿದು ಮೆಚ್ಚಿದವನು ಅದೇ ರುಚಿಯ 320 ಚೀಲ ಕೇಳಿದಾಗ ಸಂಘ ಏನು ಮಾಡಬೇಕು? ಮಾದರಿ ಒಂದು, ಸರಕು ಇನ್ನೊಂದು ಎಂದಾದರೆ ಆ ಗಿರಾಕಿ ನಮ್ಮನ್ನು ಬಿಡುವುದಷ್ಟೇ ಅಲ್ಲ, ಪಕ್ಕದ ಹೋಬಳಿಯ ಕಾಫಿಯನ್ನೂ ಅನುಮಾನದಿಂದ ನೋಡುತ್ತಾನೆ.

ಕಾಲಮಾನವನ್ನೂ ಗಮನಿಸಬೇಕು. ನಮ್ಮಲ್ಲಿ ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಒಣಗಿ, ಕ್ಯೂರಿಂಗಿಗೆ ಹೋಗಿ ಬರುವಾಗ ಬೇಸಿಗೆ. ಯುರೋಪಿನ ಕಾಫಿ ಮೇಳ ಜೂನಿನಲ್ಲಿ. ಹೊಸ ಕಾಫಿಯ ಮಾದರಿ ಒಯ್ಯಲು ಜೂನ್ ಅನುಕೂಲವೇ ಸರಿ. ಆದರೆ ಸಣ್ಣ ಬೆಳೆಗಾರನಿಗೆ ಆಳಿನ ಬಟವಾಡೆ, ಸಾಲದ ಕಂತು, ಮಕ್ಕಳ ಶಾಲೆಯ ಫೀಸು ಇವು ಯಾವುವೂ ಜೂನಿನವರೆಗೆ ಕಾಯುವುದಿಲ್ಲ. ಫೆಬ್ರುವರಿ ಮಾರ್ಚಿಗೇ ಬಹುಪಾಲು ಕಾಫಿ ಕೈಬಿಟ್ಟಿರುತ್ತದೆ. ಫೆಬ್ರುವರಿಯ ಮೇಳಕ್ಕೆ ಹೋದರೆ ಮಾದರಿ ಸಿದ್ಧವಿಲ್ಲ, ಜೂನಿನ ಮೇಳಕ್ಕೆ ಹೋದರೆ ಸರಕು ಉಳಿದಿಲ್ಲ. ಸಂಘವು ಕಾಫಿಯನ್ನು ದಾಸ್ತಾನಿಟ್ಟು ಅದರ ಮೇಲೆ ಸದಸ್ಯರಿಗೆ ಮುಂಗಡ ಕೊಡುವ ಏರ್ಪಾಡು ಮಾಡಿಕೊಳ್ಳದೆ ಮಳಿಗೆ ಹಾಕುವುದೆಂದರೆ ಅಂಗಡಿಗೆ ಬೋರ್ಡು ಹಾಕಿ ಒಳಗೆ ಸಾಮಾನಿಲ್ಲದಂತೆ.

2024-25ರಲ್ಲಿ ಬೆಲೆ ದಾಖಲೆಯ ಮಟ್ಟಕ್ಕೆ ಏರಿದಾಗ ವ್ಯಾಪಾರಿಗಳೇ ತೋಟದ ಗೇಟಿಗೆ ಬಂದು ನಿಂತರು. ಆಗ ಮಳಿಗೆಯ ಮಾತೆತ್ತಿದರೆ ಯಾರಿಗೆ ಬೇಕು ಎನ್ನುವ ಉತ್ತರ. ಬೆಲೆ ಇಳಿದ ವರ್ಷ ಎಲ್ಲರಿಗೂ ಮಳಿಗೆ ಬೇಕು, ಆದರೆ ಸಂಘದಲ್ಲಿ ಹಣವಿರುವುದಿಲ್ಲ. ಹೊರದೇಶದ ಗಿರಾಕಿಯಾದರೋ ಬೆಲೆ ಏರಿದಾಗಲೂ ಇಳಿದಾಗಲೂ ಕೊಡುವವನನ್ನು ಹುಡುಕುತ್ತಾನೆ. ಏರಿದ ವರ್ಷ ಕೈಬಿಟ್ಟವರ ಹೆಸರನ್ನು ಅವನು ಬರೆದಿಟ್ಟುಕೊಂಡಿರುತ್ತಾನೆ.

ಯಾರು ನಿಲ್ಲಬೇಕು?

ಮೇಳದ ವಿಷಯ ಸಭೆಗೆ ಬಂದ ಕೂಡಲೇ ಯಾರು ಹೋಗುವುದು ಎಂಬ ಚರ್ಚೆಯೇ ಮೊದಲು ಎದ್ದರೆ ಆ ವಿಷಯವನ್ನು ಅಲ್ಲಿಗೇ ಮುಂದೂಡುವುದು ಕ್ಷೇಮ. ವಿದೇಶ ಪ್ರವಾಸಕ್ಕೆ ಸರದಿ ಹಚ್ಚುವುದು ಸಹಕಾರ ಕ್ಷೇತ್ರದಲ್ಲಿ ಕೇಳದ ಸಂಗತಿಯೇನಲ್ಲ.

ಮಳಿಗೆಯಲ್ಲಿ ನಿಲ್ಲುವವರು ಉತ್ತರಿಸಬೇಕಾದ ಪ್ರಶ್ನೆಗಳು ಇಂಥವು: ಯಾವ ತಳಿ, ಎಷ್ಟು ಎತ್ತರ, ಯಾವ ರೀತಿಯ ಸಂಸ್ಕರಣೆ, ತೇವಾಂಶ ಎಷ್ಟು, ಬೀಜದ ಗಾತ್ರವೇನು, ಕಪ್ಪಿಂಗಿನಲ್ಲಿ ನೂರಕ್ಕೆ ಎಷ್ಟು ಅಂಕ, ಎಷ್ಟು ಚೀಲ, ಯಾವ ತಿಂಗಳು ಹಡಗಿಗೆ, ದರ ಎಷ್ಟು. ದರವನ್ನು ಅಲ್ಲಿ ರೂಪಾಯಿಯಲ್ಲಿ ಹೇಳುವುದಿಲ್ಲ. ಅರೇಬಿಕಾ ಆದರೆ ನ್ಯೂಯಾರ್ಕ್ ಪೇಟೆಯ ದರಕ್ಕಿಂತ ಪೌಂಡಿಗೆ ಇಷ್ಟು ಸೆಂಟ್ ಮೇಲೆ, ರೋಬಸ್ಟಾ ಆದರೆ ಲಂಡನ್ ಪೇಟೆಯ ದರಕ್ಕಿಂತ ಟನ್ನಿಗೆ ಇಷ್ಟು ಡಾಲರ್ ಮೇಲೆ ಎಂದು ಮಾತು. ಯುರೋಪಿನವರು ಇನ್ನೂ ಒಂದು ಕೇಳುತ್ತಾರೆ. 2023ರಲ್ಲಿ ಯುರೋಪ್ ಒಕ್ಕೂಟ ಅಂಗೀಕರಿಸಿದ ನಿಯಮದಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ಪ್ರತಿಯೊಂದು ತೋಟದ ಸ್ಥಳವನ್ನು ಅಕ್ಷಾಂಶ ರೇಖಾಂಶ ಸಹಿತ ತೋರಿಸಬೇಕು. ಇದರ ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ. ಆದರೂ ಕೊಳ್ಳುವವರು ಅದಕ್ಕಾಗಿ ಕಾದು ಕುಳಿತಿಲ್ಲ, ಈಗಲೇ ಕೇಳುತ್ತಿದ್ದಾರೆ.

ಸಹಕಾರ ಸಂಘಕ್ಕೆ ಇಲ್ಲೊಂದು ವಿಶೇಷ ತೊಂದರೆ. ಖಾಸಗಿ ವ್ಯಾಪಾರಿ ಮಳಿಗೆಯಲ್ಲೇ ನಿಂತು ದರ ಹೇಳಿ ಕೈಕುಲುಕುತ್ತಾನೆ. ನಮ್ಮ ಪ್ರತಿನಿಧಿ ‘ಊರಿಗೆ ಹೋಗಿ ಆಡಳಿತ ಮಂಡಳಿಯಲ್ಲಿಟ್ಟು ತಿಳಿಸುತ್ತೇವೆ’ ಎನ್ನಬೇಕು. ಮುಂದಿನ ಸಭೆ ತಿಂಗಳ ಕೊನೆಗೆ. ಕೋರಂ ಆದರೆ ಆಯಿತು. ಅಷ್ಟರಲ್ಲಿ ನ್ಯೂಯಾರ್ಕ್ ದರ ಎಲ್ಲಿಗೋ ಹೋಗಿರುತ್ತದೆ. ಆದ್ದರಿಂದ ಹೊರಡುವ ಮುನ್ನವೇ ಇಷ್ಟು ಚೀಲದವರೆಗೆ, ಇಷ್ಟಕ್ಕೆ ಕಡಿಮೆಯಿಲ್ಲದ ದರಕ್ಕೆ ಒಪ್ಪಂದ ಮಾಡಬಹುದು ಎಂಬ ಅಧಿಕಾರವನ್ನು ಠರಾವಿನ ಮೂಲಕ ಕೊಟ್ಟಿರಬೇಕು. ಅಷ್ಟು ನಂಬಿಕೆಯಿಡಬಲ್ಲ ವ್ಯಕ್ತಿ ನಮ್ಮಲ್ಲಿ ಇಲ್ಲವಾದರೆ ಮಳಿಗೆಯೂ ಬೇಡ.

ತಿರುಗಿ ಬಂದ ಮೇಲಿನ ಕೆಲಸವೇ ನಿಜವಾದ ಕೆಲಸ. ಕಾಫಿಯ ವ್ಯಾಪಾರ ಮೇಳದಲ್ಲಿ ಕುದುರುವುದು ಅಪರೂಪ. ಅಲ್ಲಿ ಸಿಗುವುದು ವಿಳಾಸ, ಪರಿಚಯ, ‘ಮಾದರಿ ಕಳಿಸಿ’ ಎಂಬ ಮಾತು. ಮಾದರಿ ಕಳಿಸಬೇಕು, ಅವರು ಹುರಿದು ಕುಡಿದು ನೋಡಬೇಕು, ಇನ್ನೊಂದು ಮಾದರಿ ಕೇಳಬೇಕು, ಮರುವರ್ಷದ ಬೆಳೆಯನ್ನೂ ನೋಡಬೇಕು, ಆಗದವರು ಮಧ್ಯೆ ಉದುರಿಹೋಗಬೇಕು. ಎರಡು ಮೂರು ವರ್ಷ ಪತ್ರಕ್ಕೆ ಪತ್ರ, ಮಾದರಿಗೆ ಮಾದರಿ ಕಳಿಸುತ್ತ ಕೂರುವ ಒಬ್ಬ ಗುಮಾಸ್ತೆ ಇದ್ದರೆ ಮಾತ್ರ ಮೊದಲ ವರ್ಷದ ಮಳಿಗೆಗೆ ಅರ್ಥ. ಒಂದು ವರ್ಷ ಹಾಕಿ ಮರುವರ್ಷ ಬಿಡುವ ಮಳಿಗೆ, ಗಿಡ ನೆಟ್ಟು ಮೊದಲ ಬೇಸಿಗೆಗೇ ನೀರು ನಿಲ್ಲಿಸಿದಂತೆ.

ಅಡಿಕೆಯ ವಿಷಯ

ನಮ್ಮ ಸದಸ್ಯರಲ್ಲಿ ಅಡಿಕೆ ಬೆಳೆಯುವವರೂ ಇರುವುದರಿಂದ ಅದನ್ನೂ ಹೇಳಬೇಕು. ಇದರಲ್ಲಿ ಹೆಚ್ಚು ಚರ್ಚೆಗೆ ಎಡೆಯಿಲ್ಲ. ರಾಶಿ, ಬೆಟ್ಟೆ, ಗೊರಬಲು, ಚಾಲಿ ಯಾವುದೇ ಇರಲಿ, ಕೊಳ್ಳುವವರು ಉತ್ತರ ಭಾರತದ ವ್ಯಾಪಾರಿಗಳು. ಅವರ ಖರೀದಿದಾರರು ಶಿವಮೊಗ್ಗ, ಸಾಗರ, ಶಿರಸಿಗಳ ಟೆಂಡರಿನಲ್ಲೇ ಕೂತಿರುತ್ತಾರೆ. ಅವರನ್ನು ಹುಡುಕಿಕೊಂಡು ದುಬೈಗೆ ಹೋಗಬೇಕಾಗಿಲ್ಲ. 1970ರ ದಶಕದ ಆರಂಭದಲ್ಲಿ ಧಾರಣೆ ಕುಸಿದಾಗ ಬೆಳೆಗಾರರು ಕಟ್ಟಿಕೊಂಡದ್ದು ಪ್ರದರ್ಶನದ ಮಳಿಗೆಯನ್ನಲ್ಲ. 1973ರಲ್ಲಿ ಕ್ಯಾಂಪ್ಕೊ ಹುಟ್ಟಿ, ಬೆಳೆಯುವ ಊರುಗಳಲ್ಲಿ ಖರೀದಿ ಕೇಂದ್ರ, ಕೊಳ್ಳುವ ಊರುಗಳಲ್ಲಿ ಮಾರಾಟ ಡಿಪೋ ತೆರೆಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಆರಂಭಿಸಿದ ಮೇಲೆ ಅದಕ್ಕೂ ಮನೆಮನೆಯ ಗಿರಾಕಿ ಬೇಕಾದ. ಪದಾರ್ಥ ಬದಲಾದರೆ ಮಾರುವ ದಾರಿಯೂ ಬದಲಾಗುತ್ತದೆ.

ಅಡಿಕೆಯನ್ನು ವಿದೇಶದ ಆಹಾರ ಮೇಳದಲ್ಲಿಡಲು ಇನ್ನೊಂದು ಅಡ್ಡಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಪದಾರ್ಥಗಳ ಪಟ್ಟಿಗೆ ಸೇರಿಸಿದೆ. ಅದರ ಬಗ್ಗೆ ನಮ್ಮ ಬೆಳೆಗಾರರ ವಾದ ಏನೇ ಇರಲಿ, ಆ ವಾದವನ್ನು ಮಂಡಿಸುವ ಸ್ಥಳ ಮೇಳದ ಮಳಿಗೆಯಲ್ಲ. ಹಾಳೆತಟ್ಟೆಯನ್ನಾದರೂ ಒಯ್ಯೋಣ ಎಂದು ಯುವಕರು ಹೇಳುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2025ರ ಮೇ ತಿಂಗಳಲ್ಲಿ, ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳಿಂದ ಹಾಳೆಯೊಳಗಿನ ರಾಸಾಯನಿಕ ಆಹಾರಕ್ಕೆ ಇಳಿಯಬಹುದೆಂದು, ಅವನ್ನು ಆಹಾರಕ್ಕೆ ಬಳಸುವುದು ಸಮ್ಮತವಲ್ಲವೆಂದು ಪ್ರಕಟಿಸಿತು. ಇಂಥ ಸಮಯದಲ್ಲಿ ಹೊರದೇಶದ ಮೇಳಕ್ಕೆ ಹಾಳೆತಟ್ಟೆ ಹೊತ್ತೊಯ್ಯುವುದು ವಿವೇಕವಲ್ಲ. ದೇಶದೊಳಗಿನ ಮದುವೆ ಮುಂಜಿಗಳ ಬೇಡಿಕೆಗೆ ಮೇಳವೇ ಬೇಕಿಲ್ಲ.

ಮಾರುವ ಸರಕಿಲ್ಲದ ಸಂಘಗಳು

ಬೆಳೆಗಾರರ ಹಿತರಕ್ಷಣಾ ಸಂಘಗಳ ಮಿತ್ರರೂ ಈ ಪ್ರಶ್ನೆಯನ್ನು ನಮ್ಮಲ್ಲಿ ಕೇಳಿದ್ದಾರೆ. ಅವರಿಗೆ ಮಾರುವ ಸರಕಿಲ್ಲ. ಮನವಿ ಸಲ್ಲಿಸುವುದು, ಮಾಹಿತಿ ಕೊಡುವುದು, ಸದಸ್ಯರನ್ನು ಸೇರಿಸುವುದು ಅವರ ಕೆಲಸ. ಅಂಥ ಸಂಘಕ್ಕೆ ಮೇಳದಿಂದ ಬಂದದ್ದೇನು ಎಂದು ಅಳೆಯುವುದು ಇನ್ನೂ ಕಷ್ಟ. ಹೋಗುವ ಮುನ್ನವೇ ‘ಇಂತಿಷ್ಟು ಹೊಸ ಸದಸ್ಯರು’ ಅಥವಾ ‘ಇಂಥ ಇಬ್ಬರು ಅಧಿಕಾರಿಗಳೊಡನೆ, ಇಂಥ ವಿಷಯದಲ್ಲಿ ಮಾತುಕತೆ’ ಎಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳದಿದ್ದರೆ, ತಿರುಗಿ ಬಂದ ಮೇಲೆ ‘ಒಳ್ಳೆಯ ಪ್ರತಿಕ್ರಿಯೆ ಬಂತು’ ಎಂಬ ಒಂದು ವಾಕ್ಯ ವಾರ್ಷಿಕ ವರದಿಗೆ ಸೇರುತ್ತದೆ, ಅಷ್ಟೆ. ಅಧಿಕಾರಿಯನ್ನು ಕಾಣಲು ಮಳಿಗೆಯ ಬಾಡಿಗೆ ಕೊಡುವುದಕ್ಕಿಂತ ಬೆಂಗಳೂರಿಗೆ ಬಸ್ಸು ಹತ್ತುವುದು ಅಗ್ಗ.

ಬೇರೆ ದಾರಿಗಳು

ಮೇಳ ಬೇಡವೆಂದರೆ ಗಿರಾಕಿಯೂ ಬೇಡವೆಂದಲ್ಲ. ಮೊದಲನೆಯದಾಗಿ, ಮಳಿಗೆ ಹಾಕದೆ ಬರೀ ನೋಡುಗರಾಗಿ ಹೋಗಬಹುದು. ಚೀಲದಲ್ಲಿ ಹಸಿರು ಕಾಫಿಯ ಮಾದರಿಗಳು, ಜೇಬಿನಲ್ಲಿ ವಿಳಾಸದ ಚೀಟಿ. ನಾವೇ ಒಂದೊಂದು ಮಳಿಗೆಗೆ ಹೋಗಿ ಮಾತಾಡಿಸಬಹುದು. ಮಳಿಗೆ ಹಾಕಿದವನು ತನ್ನ ಜಾಗ ಬಿಟ್ಟು ಕದಲುವಂತಿಲ್ಲ, ಗಿರಾಕಿ ಬಂದರೆ ಬಂದ. ನೋಡುಗನಾದರೋ ಹತ್ತು ಜನ ಗಿರಾಕಿಗಳನ್ನು ತಾನೇ ಹುಡುಕಿಕೊಂಡು ಹೋಗುತ್ತಾನೆ. ಹೊಸಬರಿಗೆ ಇದೇ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಾಫಿ ಮಂಡಳಿ ವಿದೇಶದ ಮೇಳಗಳಲ್ಲಿ ಭಾರತದ ಮಂಟಪ ಹಾಕುವುದುಂಟು. ಅದರೊಳಗೆ ಜಾಗ ಸಿಕ್ಕರೆ ಬಾಡಿಗೆಯ ಭಾರ ಕಡಿಮೆ. ಮಂಡಳಿಯ ಕಪ್ಪಿಂಗ್ ಸ್ಪರ್ಧೆಗೆ ಮಾದರಿ ಕಳಿಸಿದರೆ ತಜ್ಞರ ಬಾಯಿಂದಲೇ ನಮ್ಮ ಕಾಫಿಯ ಗುಣದೋಷ ತಿಳಿಯುತ್ತದೆ. ಒಳ್ಳೆಯ ಅಂಕ ಬಂದರೆ ಕೊಳ್ಳುವವರ ಕಣ್ಣಿಗೂ ಬೀಳುತ್ತದೆ. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೂ ಶಿರಸಿ ಸುಪಾರಿಗೂ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಆ ಹೆಸರನ್ನು ಬಳಸುವ ಹಕ್ಕಿಗೆ ಬೆಳೆಗಾರರು ನೋಂದಾಯಿಸಿಕೊಳ್ಳಬೇಕು. ನಮ್ಮಲ್ಲಿ ಎಷ್ಟು ಜನ ನೋಂದಾಯಿಸಿದ್ದೇವೆ ಎಂದು ಒಮ್ಮೆ ಎಣಿಸಿಕೊಂಡರೆ ಸಾಕು, ಮಳಿಗೆಗಿಂತ ಮುಂಚೆ ಮಾಡಬೇಕಾದ ಕೆಲಸ ಕಣ್ಣೆದುರಿಗಿದೆ.

ಇನ್ನೊಂದು ದಾರಿ ನಮ್ಮ ಬಾಗಿಲಲ್ಲೇ ಇದೆ. ಬೆಂಗಳೂರು, ಚೆನ್ನೈ, ಮುಂಬೈಗಳಲ್ಲಿ ಈಚಿನ ಹತ್ತು ಹನ್ನೆರಡು ವರ್ಷಗಳಲ್ಲಿ ತಾವೇ ಕಾಫಿ ಹುರಿದು ಮಾರುವ ಸಣ್ಣ ಸಂಸ್ಥೆಗಳು ಸಾಕಷ್ಟು ಹುಟ್ಟಿವೆ. ಇವರಿಗೆ ಕಂಟೇನರ್ ಬೇಡ. ಐದು ಚೀಲ, ಹತ್ತು ಚೀಲದ ಒಳ್ಳೆಯ ಕಾಫಿ ಬೇಕು, ತೋಟದ ಹೆಸರೂ ಬೇಕು. ಅಂಥ ಎಂಟು ಹತ್ತು ಜನರನ್ನು ಡಿಸೆಂಬರಿನ ಕೊಯ್ಲಿನ ಸಮಯಕ್ಕೆ ಕರೆದು, ಎರಡು ದಿನ ಸದಸ್ಯರ ಮನೆಗಳಲ್ಲಿ ಇಳಿಸಿ, ಪಲ್ಪರಿನಿಂದ ಕಣದವರೆಗೆ ತೋರಿಸಿ, ಕಡುಬು ಪಂದಿಕರಿಯೋ ಅಕ್ಕಿರೊಟ್ಟಿ ಎಣ್ಣೆಗಾಯಿಯೋ ಅವರವರ ಮನೆಯ ಪದ್ಧತಿಯಂತೆ ಬಡಿಸಿ ಕಳಿಸಲು ತಗಲುವ ಖರ್ಚು ಮೇಳದ ಖರ್ಚಿನ ಸಣ್ಣ ಪಾಲು. ಮಳಿಗೆಯ ಮುಂದೆ ಐದು ನಿಮಿಷ ನಿಲ್ಲುವ ಗಿರಾಕಿಗೂ ಎರಡು ದಿನ ನಮ್ಮ ಜಗುಲಿಯಲ್ಲಿ ಕೂರುವ ಗಿರಾಕಿಗೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಮಳಿಗೆ ಎಂದೆಂದಿಗೂ ಬೇಡವೆಂದು ನಾವು ಹೇಳುತ್ತಿಲ್ಲ. ಎರಡು ಸುಗ್ಗಿ ಒಂದೇ ಗುಣಮಟ್ಟದ ಕಾಫಿಯನ್ನು ಒಂದು ಕಂಟೇನರಿಗಾಗುವಷ್ಟು ಒಟ್ಟುಗೂಡಿಸಿ, ಮುಂಗಡ ಕೊಟ್ಟು, ಮೇಳದ ತಿಂಗಳವರೆಗೆ ಹಿಡಿದಿಡಲು ಸಾಧ್ಯವಾಯಿತೆಂದಾದರೆ ಮೂರನೆಯ ವರ್ಷ ಮಳಿಗೆಗೆ ಹಣ ತೆಗೆದಿಡುವುದು ನ್ಯಾಯವೇ. ಅಕ್ಕಪಕ್ಕದ ಎರಡು ಮೂರು ಸಂಘಗಳು ಸೇರಿ ಒಂದೇ ಮಳಿಗೆ ಹಾಕಿದರೆ ಇನ್ನೂ ಒಳ್ಳೆಯದು. ಬೋರ್ಡಿನಲ್ಲಿ ಯಾರ ಹೆಸರು ಮೇಲೆ ಎಂಬ ಜಗಳವನ್ನು ಮೊದಲೇ ತೀರಿಸಿಕೊಂಡರೆ ಆಯಿತು.

ಆಡಳಿತ ಮಂಡಳಿಯ ಮುಂದಿರುವ ಸಲಹೆ ಹೀಗಿದೆ: ಮುಂದಿನ ಮೇಳಕ್ಕೆ ಮಳಿಗೆಯಿಲ್ಲದೆ ಇಬ್ಬರನ್ನು ನೋಡುಗರಾಗಿ ಕಳಿಸುವುದು, ಅವರು ಬಂದ ಒಂದು ತಿಂಗಳೊಳಗೆ ಯಾರನ್ನು ಕಂಡರು, ಯಾರು ಏನು ಕೇಳಿದರು ಎಂಬುದನ್ನು ಈ ಪತ್ರಿಕೆಯಲ್ಲಿ ಪ್ರಕಟಿಸುವುದು, ಉಳಿದ ಹಣದಲ್ಲಿ ಪ್ರತಿ ಹೋಬಳಿಗೆ ಒಂದೊಂದು ತೇವಾಂಶ ಮಾಪಕ ತರಿಸುವುದು. ಇದು ಮುಂದಿನ ಸರ್ವಸದಸ್ಯರ ಸಭೆಯ ವಿಷಯಪಟ್ಟಿಯಲ್ಲಿರುತ್ತದೆ.

ಅದಕ್ಕೂ ಮುನ್ನ ಸಂಘಕ್ಕೆ ತಿಳಿಯಬೇಕಾದದ್ದು, ಕಾಫಿಯನ್ನು ಜೂನಿನವರೆಗೆ ಸಂಘದ ಗೋದಾಮಿನಲ್ಲಿ ಬಿಡಲು ಸಿದ್ಧರಿರುವವರು ಎಷ್ಟು ಜನ ಎಂಬುದು. ಇದಕ್ಕಾಗಿ ಒಂದು ನಮೂನೆಯನ್ನು ಕಚೇರಿಯಲ್ಲಿ ಇಟ್ಟಿದ್ದೇವೆ. ಬಿಡಬಹುದಾದ ಮೂಟೆಗಳ ಸಂಖ್ಯೆ, ಮೂಟೆಗೆ ಬೇಕಾಗುವ ಮುಂಗಡ, ತೋಟದ ಸರ್ವೆ ನಂಬರು ಬರೆದು, ಒಂದು ಕಿಲೋ ಪಾರ್ಚ್‌ಮೆಂಟ್ ಮಾದರಿಯೊಡನೆ ಸಭೆಗೆ ಹದಿನೈದು ದಿನ ಮುಂಚಿತವಾಗಿ ಒಪ್ಪಿಸಬೇಕಾಗಿ ವಿನಂತಿ. ಮಾದರಿಯ ಚೀಲದೊಳಗೆ ಹೆಸರಿನ ಚೀಟಿ ಇಡುವುದನ್ನು ಮರೆಯಬಾರದು.